ಅಂಗಡಿಗೊಂದು ಆ್ಯಪ್ ಬೇಕಂತೆ!

ಮೊದಲೆಲ್ಲ ಹೊಸ ಅಂಗಡಿ ಅಂದ್ರೆ ಮೇಲೊಂದು ಬೋರ್ಡು, ಬಾಗಿಲಿಗೆ ನಿಂಬೆಹಣ್ಣು-ಮೆಣಸಿನಕಾಯಿ, ಗಿರಾಕಿಗಳಿಗೆ ಹಂಚೋಕೆ ಕ್ಯಾಲೆಂಡರು. ಇಷ್ಟಾದ್ರೆ ಮುಗೀತಿತ್ತು. ಈಗ ಆ ಪಟ್ಟಿಗೆ ಆ್ಯಪ್ ಕೂಡ ಸೇರಿಕೊಂಡಿದೆ. ಯಾಕೆ ಬೇಕು ಅಂತ ಕೇಳಿದ್ರೆ ಯಾರ ಹತ್ರಾನೂ ಸರಿಯಾದ ಉತ್ತರ ಇರಲ್ಲ. "ಎಲ್ಲಾರ್ದೂ ಐತಿ, ನಮ್ದೂ ಇರ್ಲಿ" ಅನ್ನೋದೇ ಉತ್ತರ. ಬೋರ್ಡಿಗೂ ಅದೇ ಉತ್ತರ ಇತ್ತು ಬಿಡಿ :)

ನಮ್ಮೂರು ಸಂತೆಕಲ್ಲೂರು. ಮೊದಲು ಲಿಂಗಸೂಗೂರು ತಾಲ್ಲೂಕು, ಈಗ ಮಸ್ಕಿ. ಅದೇ ಮಸ್ಕಿ, 1915ರಲ್ಲಿ ಅಶೋಕನ ಹೆಸರಿರೋ ಶಾಸನ ಸಿಕ್ಕಿತಲ್ಲ, ಅದು. ನಮ್ಮೂರಿಗೂ ಹೇಳಿಕೊಳ್ಳೋಕೆ ಒಂದಿದೆ: 'ಕೃಷಿ ಜ್ಞಾನ ಪ್ರದೀಪಿಕೆ' ಬರೆದ ಘನಮಠದ ಶಿವಯೋಗಿಗಳ ಊರು ಇದು. ಇಂಥ ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರೋ ಪರಿಚಯದವರೊಬ್ಬರು ಹೋದ ವರ್ಷ ಫೋನ್ ಮಾಡಿ, "ನೀ ಕಂಪ್ಯೂಟರ್ ಮಂದಿ, ಇದೊಂದು ಕಾಗದ ಓದಿ ಹೇಳು" ಅಂದ್ರು. ಒಂದು ಕಂಪನಿಯವರು ಕೊಟ್ಟ ಕೊಟೇಶನ್ನು. ಆಂಡ್ರಾಯ್ಡ್ ಆ್ಯಪ್‌ಗೆ 1 ಲಕ್ಷ 80 ಸಾವಿರ, ಐಫೋನಿಗೂ ಬೇಕಂದ್ರೆ ಇನ್ನೊಂದು ಲಕ್ಷ, ಆಮೇಲೆ ವರ್ಷಾವರ್ಷ ನಿರ್ವಹಣೆಗೆ 30 ಸಾವಿರ. ಗೊಬ್ಬರದ ಚೀಲವೊಂದಕ್ಕೆ ಸಿಗೋ ಲಾಭ ಗೊತ್ತಿದ್ದೋರಿಗೆ ಈ ಮೊತ್ತದ ತೂಕ ಗೊತ್ತಾಗತ್ತೆ.

"ಆ್ಯಪ್‌ದಾಗ ಏನಿರ್ಬೇಕು?" ಅಂತ ಕೇಳ್ದೆ. ಅವರ ಬೇಡಿಕೆ ನಿಜಕ್ಕೂ ಸರಳವಾಗಿತ್ತು. ಮುಂಗಾರು ಶುರುವಾದ್ರೆ ಯೂರಿಯಾ ಬಂದಿದೆಯಾ, ಹತ್ತಿ ಬೀಜದ ಯಾವ ಕಂಪನಿಯದು ಇದೆ ಅಂತ ಕೇಳೋಕೆ ಸುತ್ತಲಿನ ಹಳ್ಳಿಯವರು ಬೈಕ್ ಹತ್ತಿ ಬರ್ತಾರೆ. ಇಲ್ಲ ಅಂದ್ರೆ ಪೆಟ್ರೋಲ್ ದಂಡ, ಒಂದು ದಿನದ ಕೂಲಿನೂ ದಂಡ. ಅದನ್ನ ಮನೇಲಿ ಕೂತೇ ನೋಡುವ ಹಾಗಾಗಬೇಕು. ಇನ್ನೊಂದು, ಉದ್ರಿ ಎಷ್ಟಿದೆ ಅನ್ನೋದು ಗಿರಾಕಿಗೆ ಕಾಣಬೇಕು. ಮೂರನೇದು ಬಿಲ್ಲು.

ತಾಂತ್ರಿಕ ವಿಷಯ ಗೊತ್ತಿಲ್ಲದ ಗೆಳೆಯರಿಗಾಗಿ ಎರಡು ಮಾತು. ಪ್ಲೇ ಸ್ಟೋರಿನಿಂದ ಇಳಿಸಿಕೊಂಡು ಫೋನಿನೊಳಗೆ ಕೂರಿಸೋದು ನೇಟಿವ್ ಆ್ಯಪ್. ಪ್ರೋಗ್ರೆಸಿವ್ ವೆಬ್ ಆ್ಯಪ್, ಅಂದ್ರೆ ಪಿಡಬ್ಲ್ಯೂಎ, ಮೂಲದಲ್ಲಿ ಒಂದು ವೆಬ್‌ಸೈಟೇ. ಕೊಂಡಿ ಒತ್ತಿದ್ರೆ ತೆರೆಯತ್ತೆ. ಬೇಕಾದ್ರೆ ಹೋಮ್ ಸ್ಕ್ರೀನ್ ಮೇಲೆ ಐಕಾನ್ ಆಗಿ ಕೂರತ್ತೆ, ಸರ್ವಿಸ್ ವರ್ಕರ್ ಅನ್ನೋ ಒಂದು ಸಣ್ಣ ಪ್ರೋಗ್ರಾಮ್ ಪುಟವನ್ನ ಫೋನಲ್ಲಿ ಉಳಿಸಿಟ್ಟುಕೊಂಡು ನೆಟ್ ಇಲ್ಲದಾಗಲೂ ತೋರಿಸತ್ತೆ. ಈ ಹೆಸರು ಬಂದದ್ದು 2015ರಲ್ಲಿ, ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್ ಇಟ್ಟದ್ದು.

ಈ ವ್ಯತ್ಯಾಸವನ್ನ ನಮ್ಮಂಥ ಹಳೇ ಕನ್ನಡ ಬ್ಲಾಗಿಗರಿಗೆ ವಿವರಿಸೋದೇ ಬೇಡ. ನೆನಪಿದೆಯಾ? ಯಾವುದೋ ಕನ್ನಡ ತಾಣ ತೆರೆದ್ರೆ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ, ಚೌಕ, ಚಿತ್ರಲಿಪಿ. ಮೂಲೇಲಿ ಒಂದು ಸಾಲು: ಓದಲು ಮೊದಲು ಈ ಫಾಂಟ್ ಇಳಿಸಿಕೊಳ್ಳಿ. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟು. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಬಂತು, ಆದ್ರೂ ಕನ್ನಡ ಸರಿಯಾಗಿ ಕಾಣಬೇಕಂದ್ರೆ ಸಿಡಿ ಹಾಕಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಒಂದು ಟಿಕ್ ಹಾಕಬೇಕಿತ್ತು. ಸೈಬರ್ ಕೆಫೆಯವನು ಅದಕ್ಕೆ ಬಿಡ್ತಿರಲಿಲ್ಲ! ಯೂನಿಕೋಡ್ ಬಂದಮೇಲೆ "ಮೊದಲು ಇದನ್ನ ಹಾಕಿಕೋ" ಅನ್ನೋ ಆ ಬಾಗಿಲು ತೆರೀತು. ಕೊಂಡಿ ಕಳಿಸಿದ್ರೆ ಅತ್ತೆ ಮನೆಯವರೂ ಓದಿದ್ರು. ಬರೆದದ್ದು ಗೂಗಲ್ ಹುಡುಕಾಟದಲ್ಲೂ ಸಿಕ್ತು. ನಾವೆಲ್ಲ ಒಬ್ಬರಿಗೊಬ್ಬರು ಸಿಕ್ಕಿದ್ದೇ ಹಾಗಲ್ವಾ?

ಸಣ್ಣ ಅಂಗಡಿಯ ಆ್ಯಪ್ ಅನ್ನೋದು ನನಗೆ ಆ ಫಾಂಟಿನ ಹಾಗೇ ಕಾಣತ್ತೆ. ವರ್ಷಕ್ಕೆ ನಾಲ್ಕು ಸಲ ಗೊಬ್ಬರ ಕೊಳ್ಳೋ ಮನುಷ್ಯ ಅದಕ್ಕಾಗಿ ಫೋನಲ್ಲಿ ಜಾಗ ಖಾಲಿ ಮಾಡಬೇಕು. ಅದೇ ಫೋನಲ್ಲಿ ಮೊಮ್ಮಗಳ ಫೋಟೋ, ಜಾತ್ರೆ ವಿಡಿಯೋ, ಮುನ್ನೂರು ಗುಡ್ ಮಾರ್ನಿಂಗು ತುಂಬಿಕೊಂಡಿರತ್ತೆ. ಯಾವುದನ್ನ ಅಳಿಸ್ತಾನೆ ಹೇಳಿ?

ದೊಡ್ಡವರೇ ಇದರಲ್ಲಿ ಪಾಠ ಕಲಿತಿದ್ದಾರೆ. ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟ್ ಮುಚ್ಚಿ, ಇನ್ನು ಆ್ಯಪ್ ಮಾತ್ರ ಅಂತ ಘೋಷಿಸಿತು. 2016ರ ಜೂನ್ ಹೊತ್ತಿಗೆ ವೆಬ್‌ಸೈಟು ವಾಪಸ್ ಬಂತು. ಅದರ ಮಾಲೀಕ ಫ್ಲಿಪ್‌ಕಾರ್ಟ್ ಕೂಡ 2015ರಲ್ಲಿ ಮೊಬೈಲ್ ತಾಣ ಮುಚ್ಚಿ ಎಲ್ಲರನ್ನೂ ಆ್ಯಪ್ ಕಡೆ ಅಟ್ಟಿತ್ತು. ಅದೇ ವರ್ಷದ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಅಂತ ಪಿಡಬ್ಲ್ಯೂಎ ತಂದಿತು. ಹಿಂದಿನ ಮೊಬೈಲ್ ತಾಣದಲ್ಲಿ ಜನ 70 ಸೆಕೆಂಡ್ ಇರ್ತಿದ್ರೆ ಇದರಲ್ಲಿ ಮೂರೂವರೆ ನಿಮಿಷ ಇದ್ರು ಅಂತ ಗೂಗಲ್ ಪ್ರಕಟಿಸಿದ ವರದಿ ಹೇಳತ್ತೆ. (ಗೂಗಲ್ಲೇ ಈ ತಂತ್ರಜ್ಞಾನದ ಪ್ರಚಾರಕ, ಹಾಗಾಗಿ ಸ್ವಲ್ಪ ಉಪ್ಪು ಹಾಕಿಕೊಂಡು ಓದಿ.) ಕೋಟಿಗಟ್ಟಲೆ ಜಾಹೀರಾತಿಗೆ ಸುರಿಯೋ ಕಂಪನಿಗೇ ಜನರಿಂದ ಆ್ಯಪ್ ಹಾಕಿಸೋದು ಕಷ್ಟ ಆಯ್ತು ಅಂದಮೇಲೆ ಸಂತೆಕಲ್ಲೂರಿನ ಗೊಬ್ಬರದಂಗಡಿ ಪಾಡೇನು?

ಕೊಟೇಶನ್ನಿನಲ್ಲಿ ಬರೆಯದ ತಾಪತ್ರಯಗಳೂ ಇದ್ವು. ಗೂಗಲ್ ಪ್ಲೇ ಖಾತೆಗೆ ಒಂದು ಸಲಕ್ಕೆ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್. ಅದು ಹೋಗ್ಲಿ. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನ ಎಲ್ಲರಿಗೂ ಬಿಡೋ ಮೊದಲು ಕನಿಷ್ಠ 12 ಜನರಿಂದ 14 ದಿನ ಸತತ ಪರೀಕ್ಷೆ ಮಾಡಿಸಬೇಕು. (ಮೊದಲು 20 ಜನ ಬೇಕಿತ್ತು, 2024ರ ಕೊನೆಗೆ 12ಕ್ಕೆ ಇಳಿಸಿದ್ರು.) ಇದನ್ನ ಹೇಳಿದಾಗ ಯಜಮಾನರು ನಕ್ಕುಬಿಟ್ರು. "ಹನ್ನೆರಡು ಮಂದಿ ಏನ್ ದೊಡ್ದೋ, ನಮ್ಮ ಕಟ್ಟಿ ಮ್ಯಾಲ ದಿನಾ ಇಪ್ಪತ್ ಮಂದಿ ಖಾಲಿ ಕುಂದರ್ತಾರ!" ಅದು ನಿಜಾನೇ. ಆದ್ರೆ ವರ್ಷಾವರ್ಷ ಹೊಸ ಆಂಡ್ರಾಯ್ಡಿಗೆ ತಕ್ಕಂತೆ ಆ್ಯಪನ್ನ ತಿದ್ದುತ್ತಾ ಇರಬೇಕು. ಇಲ್ಲದಿದ್ರೆ ಹೊಸ ಫೋನ್ ಕೊಂಡವರಿಗೆ ಅದು ಪ್ಲೇ ಸ್ಟೋರಿನಲ್ಲಿ ಸಿಗೋದೇ ನಿಂತುಹೋಗತ್ತೆ. ಆ 30 ಸಾವಿರ ನಿಲ್ಲುವಂಥದ್ದಲ್ಲ.

ಇದಕ್ಕೆ ಕಂಪನಿಯವನು ಸೂಚಿಸಿದ ಪರಿಹಾರ ನೋಡಿ ನನಗೆ ನಿಜವಾಗ್ಲೂ ಸಿಟ್ಟು ಬಂತು. "ಪ್ಲೇ ಸ್ಟೋರ್ ಯಾಕ್ರೀ, ಎಪಿಕೆ ಫೈಲು ವಾಟ್ಸಾಪಲ್ಲಿ ಕಳಿಸಿಬಿಡೋಣ" ಅಂದನಂತೆ. ಪಿಎಂ ಕಿಸಾನ್ ಹೆಸರಲ್ಲಿ, ಮದುವೆ ಕರೆಯೋಲೆ ಹೆಸರಲ್ಲಿ, ಟ್ರಾಫಿಕ್ ದಂಡದ ಹೆಸರಲ್ಲಿ ಕಳ್ಳರು ರೈತರ ಖಾತೆಗೆ ಕನ್ನ ಹಾಕ್ತಿರೋದೇ ವಾಟ್ಸಾಪಿನ ಎಪಿಕೆಗಳಿಂದ. ಆ ಫೈಲು ಹಾಕಿಕೊಂಡ್ರೆ ಎಸ್ಸೆಮ್ಮೆಸ್ ಓದೋಕೆ ಅನುಮತಿ ಕೇಳತ್ತೆ, ಓಟಿಪಿ ಅತ್ತ ಹೋಗತ್ತೆ, ದುಡ್ಡೂ ಹೋಗತ್ತೆ. ಬ್ಯಾಂಕು, ಪೊಲೀಸು ಎಲ್ಲರೂ "ಎಪಿಕೆ ಒತ್ತಬೇಡಿ" ಅಂತ ಬಾಯಿ ಬಡ್ಕೊಳ್ತಿರುವಾಗ, ಜನ ನಂಬೋ ಅಂಗಡಿಯವನೇ "ಇದೊಂದನ್ನ ಒತ್ರಿ, ಏನೂ ಆಗಂಗಿಲ್ಲ" ಅಂತ ಅಭ್ಯಾಸ ಮಾಡಿಸೋದಾ? ನಾಳೆ ಅದೇ ಅಂಗಡಿ ಹೆಸರಲ್ಲಿ ಕಳ್ಳ ಫೈಲು ಬಂದ್ರೆ ಮೊದಲು ಒತ್ತೋರು ಇವರ ಗಿರಾಕಿಗಳೇ. ಖರ್ಚಿನ ಲೆಕ್ಕಕ್ಕಿಂತ ನಾನು ಆ್ಯಪ್ ಬೇಡ ಅಂದದ್ದು ಇದಕ್ಕೆ.

ಹಾಗಂತ ನೇಟಿವ್ ಆ್ಯಪ್ ಎಲ್ಲ ಕಡೆ ದಂಡ ಅಂತಲ್ಲ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆ ವಿವರ ತುಂಬೋಕೆ ಸರ್ಕಾರ ಬೆಳೆ ಸಮೀಕ್ಷೆ ಆ್ಯಪ್ ಕೊಟ್ಟಿತು. ಹೊಲದಲ್ಲಿ ನಿಂತು, ಜಿಪಿಎಸ್ ಹಚ್ಚಿ, ಸರ್ವೆ ನಂಬರಿನ ಗಡಿಯೊಳಗೇ ಫೋಟೋ ತೆಗೆಯಬೇಕು. ಅಲ್ಲಿ ನೆಟ್‌ವರ್ಕ್ ಇರತ್ತೆ ಅನ್ನೋ ಭರವಸೆ ಇಲ್ಲ. ಇಂಥದಕ್ಕೆ ನೇಟಿವ್ವೇ ಸರಿ. 2022ರಲ್ಲಿ ಬೆಂಗಳೂರಲ್ಲಿ ಶುರುವಾದ ನಮ್ಮ ಯಾತ್ರಿಯ ಚಾಲಕರ ಆ್ಯಪ್ ಕೂಡ ಹಾಗೇ. ಫೋನ್ ಜೇಬಲ್ಲಿದ್ದಾಗಲೂ ಆಟೋ ಎಲ್ಲಿದೆ ಅಂತ ತಿಳಿಸ್ತಾ ಇರಬೇಕು, ಬ್ರೌಸರಿಗೆ ಆ ಕೆಲಸ ಆಗಲ್ಲ. ಅಂಗಡಿ ಗಲ್ಲಾದ ಹಿಂದಿನ ಕೆಲಸಕ್ಕೂ ನೇಟಿವ್ ಆ್ಯಪ್ಪೇ ವಾಸಿ. ಬಿಲ್ಲು, ಸ್ಟಾಕು, ಪ್ರಿಂಟರು ದಿನಕ್ಕೆ ನೂರು ಸಲ ಬಳಸೋವು, ಬಳಸೋನು ಒಬ್ಬನೇ. ಅದಕ್ಕೆ ಹೊಸದು ಬರೆಸೋದ್ಯಾಕೆ, ಸಿದ್ಧ ಬಿಲ್ಲಿಂಗ್ ಆ್ಯಪ್‌ಗಳೇ ಬೇಕಾದಷ್ಟಿವೆ. ಗೊಬ್ಬರದವರಿಗಂತೂ 2018ರಿಂದ ಸಬ್ಸಿಡಿ ಗೊಬ್ಬರಕ್ಕೆ ಆಧಾರ್ ನೋಡಿ ಕೊಡೋ ಪಿಓಎಸ್ ಯಂತ್ರ ಇದ್ದೇ ಇದೆ. ಅದರಲ್ಲಿ ಆಯ್ಕೆಯ ಮಾತೇ ಇಲ್ಲ.

ಅಂದ್ರೆ ಗಲ್ಲಾದ ಒಳಗೆ ನೇಟಿವ್, ಗಲ್ಲಾದ ಹೊರಗೆ ಕೊಂಡಿ. ಕಟ್ಟೆ ಈಚೆ ನಿಂತವನ ಹತ್ರ ಅಂಗಡಿ ಏನನ್ನೂ ಹಾಕಿಸಬಾರದು ಅನ್ನೋದೇ ನನ್ನ ಲೆಕ್ಕ.

ಪಿಡಬ್ಲ್ಯೂಎಗೂ ಕೊರತೆಗಳಿವೆ. ಐಫೋನಿನಲ್ಲಿ ನೋಟಿಫಿಕೇಶನ್ ಬಂದದ್ದೇ 2023ರ ಮಾರ್ಚಿನಲ್ಲಿ, ಐಓಎಸ್ 16.4ರಿಂದ. ಅದೂ ಹೋಮ್ ಸ್ಕ್ರೀನಿಗೆ ಸೇರಿಸಿದ್ರೆ ಮಾತ್ರ, ಸೇರಿಸೋ ಗುಂಡಿ ಶೇರ್ ಮೆನುವಿನ ಹಿಂದೆ ಅಡಗಿ ಕೂತಿರತ್ತೆ. ನಮ್ಮ ಕಡೆ ಐಫೋನ್ ಕಡಿಮೆ, ಅಷ್ಟೇನು ತೊಂದರೆ ಇಲ್ಲ. ನೋಟಿಫಿಕೇಶನ್ ಬೇಕಂದ್ರೆ ವಾಟ್ಸಾಪ್ ಸ್ಟೇಟಸ್ಸೇ ಸಾಕು ಅನ್ನೋದು ಯಜಮಾನರ ಮಗನ ವಾದ, ನನಗೂ ಸರಿ ಅನ್ನಿಸ್ತು. ನಿಜವಾದ ತೊಡಕು ಇನ್ನೊಂದಿತ್ತು. ನೆಟ್ ಇಲ್ಲದಾಗ ಪುಟ ತೆರೆಯೋದೇನೋ ಚೆಂದ, ಆದ್ರೆ ಕಾಣೋದು ನಿನ್ನೆ ನೋಡಿದ ಪುಟ. ಅದರಲ್ಲಿ "ಯೂರಿಯಾ ಇದೆ" ಅಂತಿದ್ರೆ? ನಂಬಿ ಬಂದವನು ಉಗೀತಾನೆ. ಹಾಗಾಗಿ ತಾರೀಖು, ಗಂಟೆ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿದ್ವಿ. ಹನ್ನೆರಡು ಗಂಟೆ ದಾಟಿದ ಮಾಹಿತಿ ಆದ್ರೆ "ಫೋನ್ ಮಾಡಿ ಬನ್ನಿ" ಅನ್ನೋ ಸಾಲು ತಾನೇ ಕಾಣತ್ತೆ.

ಉದ್ರಿ ವಿಷಯಕ್ಕೆ ಬಂದಾಗ ಮಾತು ತಂತ್ರಜ್ಞಾನ ಬಿಟ್ಟು ಬೇರೆ ಕಡೆ ಹೋಯ್ತು. ಓಟಿಪಿ ಹಾಕಿ ತೋರಿಸಬಹುದು, ಆ್ಯಪ್ಪಾದ್ರೂ ಸರಿ ವೆಬ್ಬಾದ್ರೂ ಸರಿ. ಆದ್ರೆ ಓಟಿಪಿ ಬರೋ ಫೋನು ಮನೇಲಿ ಯಾರ ಕೈಲಿರತ್ತೆ? ಮಗನ ಕೈಲಿ, ಸೊಸೆ ಕೈಲಿ, ಪಿಯುಸಿ ಓದೋ ಮೊಮ್ಮಗನ ಕೈಲಿ. ಹತ್ತಿ ಕೈಕೊಟ್ಟ ವರ್ಷ ಅಪ್ಪ ಅಂಗಡಿಯಲ್ಲಿ ಎಷ್ಟು ಬಾಕಿ ಉಳಿಸಿದ್ದಾನೆ ಅನ್ನೋದು ಎಷ್ಟೋ ಮನೇಲಿ ಮಕ್ಕಳಿಗೆ ಗೊತ್ತಿರಲ್ಲ, ಗೊತ್ತಾಗಬಾರದು ಅಂತ್ಲೇ ಅವನು ಒಬ್ಬನೇ ಬಂದು ಮೆಲ್ಲಗೆ ಲೆಕ್ಕ ಕೇಳಿ ಹೋಗ್ತಾನೆ. ಇದನ್ನ ನಾನು ಹೇಳಿದ್ದಲ್ಲ, ಯಜಮಾನರೇ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು. "ಬ್ಯಾಡ ಬಿಡು, ಅದು ಕೆಂಪು ವಹಿಯಾಗ ಇರ್ಲಿ" ಅಂದ್ರು. ಕೊಟೇಶನ್ನಿನಲ್ಲಿ ಆ ಒಂದು ಐಟಂಗೇ 40 ಸಾವಿರ ಇತ್ತು.

ಕೊನೆಗೆ ಆದದ್ದು ಒಂದೇ ಒಂದು ಪುಟ. ಪೂರ್ತಿ ಕನ್ನಡ, ಯೂನಿಕೋಡು. ಬೀಜ, ಗೊಬ್ಬರ, ಔಷಧ, ಇದೆ-ಇಲ್ಲ, ದರ, ಫೋನ್ ನಂಬರು. ಹೋಸ್ಟಿಂಗ್ ಪುಕ್ಕಟೆ, ಎಚ್‌ಟಿಟಿಪಿಎಸ್ ಕೂಡ ಪುಕ್ಕಟೆ, ಡೊಮೈನಿಗೆ ವರ್ಷಕ್ಕೆ ಸಾವಿರದೊಳಗೆ. ಕೆಲಸ ನನ್ನ ಎರಡು ಶನಿವಾರ, ಕೂಲಿ ಎರಡು ಸಲ ಗಿರ್ಮಿಟ್ ಮತ್ತು ಮಿರ್ಚಿ. ಯುಪಿಐ ಸ್ಟಿಕರ್ ಪಕ್ಕದಲ್ಲೇ ಪುಟದ ಕ್ಯೂಆರ್ ಅಂಟಿಸಿದಾರೆ. ಮೊದಲ ವಾರ ಜನ ಅದಕ್ಕೂ ದುಡ್ಡು ಕಳಿಸೋಕೆ ಹೋಗಿ, "ಇದೇನ್ರೀ, ಗೊಬ್ಬರ ತೋರಸಾಕತ್ತೈತಿ" ಅಂತ ಕೇಳಿದ್ರಂತೆ :) ಈಗ ಮುಂಜಾನೆ ಅಂಗಡಿ ತೆರೆಯೋ ಮುಂಚೆ ಮಗ ಪುಟ ತಿದ್ದುತ್ತಾನೆ, ಮರೆತ್ರೆ ಎಂಟು ಗಂಟೆಗೆಲ್ಲ ಯಾರಾದ್ರೂ ಫೋನ್ ಮಾಡಿ ಬೈತಾರೆ.

ಬಿಲ್ಲಿನ ಪ್ರಿಂಟರ್ ಮಾತ್ರ ಇನ್ನೂ ಬಗೆಹರಿದಿಲ್ಲ. ಅಂಗೈ ಅಗಲದ ಆ ಥರ್ಮಲ್ ಪ್ರಿಂಟರಿನೊಳಗೆ ಕನ್ನಡ ಫಾಂಟೇ ಇಲ್ಲ, ಬಿಲ್ಲನ್ನ ಚಿತ್ರ ಮಾಡಿ ಕಳಿಸಬೇಕು. ಚಿತ್ರ ಮಾಡಿದ್ರೆ ಒತ್ತಕ್ಷರ ಕೆಳಗಿನ ಸಾಲಿಗೆ ಅಂಟಿಕೊಳ್ಳತ್ತೆ, ಬಿಡಿಸೋಕೆ ಹೋದ್ರೆ ಬಿಲ್ಲು ಮೊಳ ಉದ್ದ ಆಗತ್ತೆ. 2026 ಬಂದ್ರೂ ಒತ್ತಕ್ಷರದ ಜೊತೆ ಗುದ್ದಾಟ ತಪ್ಪಿಲ್ಲ ನೋಡಿ. ಯಾರಾದ್ರೂ ಇದನ್ನ ಸರಿ ಮಾಡಿದ್ರೆ ನನಗೊಂದು ಸಾಲು ಬರೀರಿ. ಅಲ್ಲಿವರೆಗೂ ಯಜಮಾನರು ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬರೀತಿದಾರೆ, ಅಕ್ಷರ ಮಾತ್ರ ಮುತ್ತಿನ ಹಾಗಿದೆ.