ಕಂದು ಹಲ್ಲಿನ ಮಕ್ಕಳು

ತೊಂಬತ್ತರ ದಶಕದ ಮಾತು. ಕೂಡ್ಲಿಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದೆ. ಸೋಮವಾರದ ಪ್ರಾರ್ಥನೆಯ ನಂತರ ಉಗುರು, ಹಲ್ಲುಗಳ ತಪಾಸಣೆ ನನ್ನ ಪಾಲಿನ ಕೆಲಸ. ಎಂಟನೆಯ ತರಗತಿಯ ಬಾಲಕಿಯೊಬ್ಬಳ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳಿದ್ದವು. ಎಲ್ಲರೆದುರು ಬೈದು, ಹಲ್ಲುಜ್ಜಿ ಬಾ ಎಂದು ಮನೆಗೆ ಕಳುಹಿಸಿದೆ. ಮರುದಿನ ಅವಳ ಒಸಡಿನಲ್ಲಿ ರಕ್ತ ಒಸರುತ್ತಿತ್ತು. ಇಟ್ಟಿಗೆ ಪುಡಿಯಿಂದ ಉಜ್ಜಿದ್ದಳಂತೆ. ಗೆರೆಗಳು ಹಾಗೆಯೇ ಇದ್ದವು.

ಕೆಲವು ವರ್ಷಗಳ ಬಳಿಕ ಹಡಗಲಿ ಕಡೆಗೆ, ತುಂಗಭದ್ರೆಯ ದಂಡೆಯ ಊರಿಗೆ ವರ್ಗವಾಯಿತು. ಅಲ್ಲಿಯ ಮಕ್ಕಳೂ ಬೂದಿ, ಬೇವಿನ ಕಡ್ಡಿಗಳಿಂದಲೇ ಹಲ್ಲುಜ್ಜುವವರು. ಕುಡಿಯುವುದು ಮಾತ್ರ ಹೊಳೆಯ ನೀರು. ಅವರ ಹಲ್ಲುಗಳು ಬೆಳ್ಳಗಿದ್ದವು. ನಾನು ಬೈದದ್ದು ಯಾರನ್ನು, ಯಾವುದಕ್ಕೆ ಎಂಬ ಅರಿವು ಮೂಡಿದ್ದು ಆಗಲೇ.

ಹಲ್ಲಿನ ಹೊರಕವಚವಾದ ಎನಾಮೆಲ್ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಶೇಕಡಾ 96ರಷ್ಟು ಖನಿಜ. ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸಿಲ್‌ಗಳು ಸೇರಿದ ಹೈಡ್ರಾಕ್ಸಿಅಪಟೈಟ್. ಒಳಗಿನ ಡೆಂಟಿನ್‌ನಲ್ಲಿ ಖನಿಜ ಸುಮಾರು 70 ಭಾಗ, ಉಳಿದದ್ದು ಹೆಚ್ಚಾಗಿ ಕೊಲಾಜನ್ ಮತ್ತು ನೀರು. ಹೈಡ್ರಾಕ್ಸಿಲ್ ಇರುವ ಸ್ಥಾನದಲ್ಲಿ ಫ್ಲೋರೈಡ್ ಸಲೀಸಾಗಿ ಬಂದು ಕೂರಬಲ್ಲದು. ಅಲ್ಪ ಪ್ರಮಾಣದಲ್ಲಿ ಅದು ಉಪಕಾರಿಯೇ, ಹಲ್ಲು ಆಮ್ಲಕ್ಕೆ ಬೇಗ ಕರಗದು. ಟೂತ್‌ಪೇಸ್ಟಿಗೆ ಅದನ್ನು ಬೆರೆಸುವುದು ಅದಕ್ಕಾಗಿ. ಆದರೆ ಎಳವೆಯಲ್ಲಿ, ಒಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿರುವಾಗ ಫ್ಲೋರೈಡ್ ಅತಿಯಾದರೆ ಖನಿಜ ಪೂರ್ತಿ ತುಂಬದೆ ಎನಾಮೆಲ್ ಜಾಳಾಗಿ ಉಳಿಯುತ್ತದೆ. ಮುಂದೆ ಆ ಸೂಕ್ಷ್ಮ ರಂಧ್ರಗಳಲ್ಲಿ ಬಣ್ಣ ಇಳಿಯುತ್ತದೆ. ಯಾವ ಇಟ್ಟಿಗೆ ಪುಡಿಗೂ ಅದು ಹೋಗುವುದಿಲ್ಲ.

ಕೂಡ್ಲಿಗಿ, ಹರಪನಹಳ್ಳಿ ಸೀಮೆಗಳದು ಕಲ್ಲುನೆಲ. ಬಂಡೆಗಳಲ್ಲಿನ ಫ್ಲೋರೈಡ್ ಕೊಳವೆಬಾವಿಯ ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮ್ಮ ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತದ ನೆಲ್ಲೂರಿನಲ್ಲಿ 1937ರಲ್ಲಿಯೇ ಈ ರೋಗವನ್ನು ಗುರುತಿಸಿದ್ದರು. ಅರವತ್ತು ವರ್ಷಗಳ ನಂತರವೂ ನಾನು ಬೆತ್ತ ಹಿಡಿದು ಹಲ್ಲು ನೋಡುತ್ತಿದ್ದೆ!

ಕೆಲವು ವರ್ಷಗಳ ಹಿಂದೆ ಕೊಟ್ಟೂರಿನ ತೇರಿನಲ್ಲಿ ಆ ವಿದ್ಯಾರ್ಥಿನಿ ಸಿಕ್ಕಳು, ಕಂಕುಳಲ್ಲಿ ಮಗು. "ಅಂದು ನಿನ್ನನ್ನು ಸುಮ್ಮನೆ ಬೈದೆನಮ್ಮಾ" ಎಂದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಇರ್ಲಿ ಬಿಡ್ರಿ ಸಾರ್, ನಮಗಾದ್ರೂ ಏನ್ ಗೊತ್ತಿತ್ತು? ಇವಳಿಗೆ ಮಾತ್ರ ಬೋರಿನ ನೀರು ಕಾಯ್ಸಿ ಆರ್ಸಿ ಕೊಡ್ತೀನಿ" ಎಂದಳು.

ಕಾಯಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ ಎಂದು ಆ ಜನಜಂಗುಳಿಯಲ್ಲಿಯೇ ನಿಂತು ಅವಳಿಗೆ ಪಾಠ ಹೇಳಿದೆ. ಊರಿನ ಶುದ್ಧ ನೀರಿನ ಘಟಕದಿಂದಲೇ ಕೊಡ ತುಂಬಿಸು ಎಂದೆ. ತಲೆಯಾಡಿಸಿದಳು.