ಪಿರಿಯಾಪಟ್ಟಣ ತಾಲ್ಲೂಕಿನ ಪರದೇಶ

ಮೈಸೂರಿನವರಿಗೆ ಚಳಿಗಾಲ ಶುರುವಾಗುವುದು ಫುಟ್‌ಪಾತಿನಲ್ಲಿ ಟಿಬೆಟ್ಟಿನವರು ಸ್ವೆಟರ್ ಅಂಗಡಿ ಹಾಕಿದ ದಿನ. ಅವರು ಟಾರ್ಪಾಲು ಕಟ್ಟಿದ ಮಾರನೇ ದಿನವೇ ನಮ್ಮಪ್ಪ ಮಂಕಿ ಕ್ಯಾಪ್ ಹುಡುಕುತ್ತಿದ್ದರು, ಸೆಕೆಯಿದ್ದರೂ ಸರಿಯೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಲ್ಲೇ ಒಂದು ಮರೂನ್ ಸ್ವೆಟರ್ ಕೊಡಿಸಿದರು. ಇದು ಹಿಮಾಲಯದ ಕುರಿಯ ಉಣ್ಣೆ, ಲಾಮಾಗಳು ಮಂತ್ರ ಹೇಳುತ್ತ ಹೆಣೆದದ್ದು ಎಂದು ಕ್ಲಾಸಿನಲ್ಲಿ ಸುದ್ದಿ ಹಬ್ಬಿಸಿದೆ. ಕಾಲರಿನ ಒಳಗಿನ ಚೀಟಿಯಲ್ಲಿ ‘ಲೂಧಿಯಾನ’ ಎಂದಿತ್ತು. ಚೀಟಿಯನ್ನು ಬ್ಲೇಡಿನಲ್ಲಿ ಕಿತ್ತಾಗ ಎರಡು ಹೊಲಿಗೆಯೂ ಹೋದವು. ಅಮ್ಮ ಸಿಕ್ಕಿದ ದಾರದಲ್ಲಿ ಹೊಲಿದಳು. ಅದು ಹಸಿರು ದಾರ.

ಅದೇ ಸ್ವೆಟರಿನವರ ಊರಿಗೆ ಹೋದ ಡಿಸೆಂಬರಿನಲ್ಲಿ ಹೋಗಿದ್ದೆ. ಜೊತೆಗೆ ಅಕ್ಕನ ಮಗಳು, ಅವಳ ಜರ್ಮನ್ ಗಂಡ. ಹುಣಸೂರು ದಾಟಿ, ಹೊಗೆಸೊಪ್ಪಿನ ಬ್ಯಾರನ್ನುಗಳನ್ನು ದಾಟಿ, 80 ಕಿಲೋಮೀಟರ್ ಆಗುವಷ್ಟರಲ್ಲಿ ಬೈಲಕುಪ್ಪೆ. ಅಳಿಯ ದಾರಿಯುದ್ದಕ್ಕೂ ವ್ಯಾಟಿಕನ್ನಿನ ಕಥೆ ಹೇಳಿದ. ಅದೊಂದು ಸ್ವತಂತ್ರ ದೇಶವಂತೆ, ಆದರೆ ಚೌಕದೊಳಗೆ ಹೋಗುವಾಗ ಪಾಸ್‌ಪೋರ್ಟ್ ಕೇಳುವವರೇ ಇಲ್ಲವಂತೆ. ನಾನು ಕೆಮ್ಮಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಈ ಕಾಲನಿಯಲ್ಲಿ ಅವನು ಒಂದು ರಾತ್ರಿ ತಂಗಬೇಕೆಂದರೂ ದೆಹಲಿಯ ಗೃಹ ಮಂತ್ರಾಲಯದ ಪರ್ಮಿಟ್ ಬೇಕು. ನಾವು ಅರ್ಜಿ ಹಾಕಿರಲಿಲ್ಲ. ಸಂಜೆಯೊಳಗೆ ವಾಪಸು ಎಂದು ಮೊದಲೇ ತೀರ್ಮಾನವಾಗಿತ್ತು.

ವ್ಯಾಟಿಕನ್ ಸುಮಾರು 110 ಎಕರೆ. 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಬಂದ ಮೇಲೆ, ಅವರ ಜನರಿಗೆ ಅಂದಿನ ಮೈಸೂರು ರಾಜ್ಯ ಇಲ್ಲಿ ಬಿಟ್ಟುಕೊಟ್ಟದ್ದು ಸುಮಾರು 3000 ಎಕರೆ. ಎಕರೆ ಎಂದರೆ ಕಾಡು. ಹಿಮದಿಂದ ಇಳಿದುಬಂದವರು ಈ ಸೆಕೆಯಲ್ಲಿ ಡೇರೆ ಹಾಕಿ, ಮರ ಕಡಿದು, ಮುಸುಕಿನ ಜೋಳ ಬಿತ್ತಿ, ರಾತ್ರಿ ಆನೆ ಓಡಿಸಲು ಡಬ್ಬ ಬಡಿದರು. ಊರುಗಳಿಗೆ ಇವತ್ತಿಗೂ ‘ಫಸ್ಟ್ ಕ್ಯಾಂಪ್’, ‘ಫೋರ್ತ್ ಕ್ಯಾಂಪ್’ ಎಂದೇ ಹೆಸರು. ಮನೆಗಳಿಗೆ ತಾರಸಿ ಬಂದರೂ ಹೆಸರು ಮಾತ್ರ ಡೇರೆಯಲ್ಲೇ ಉಳಿದಿದೆ.

ಆಟೋದವರ ಬಾಯಲ್ಲಿ ‘ಗೋಲ್ಡನ್ ಟೆಂಪಲ್’ ಆಗಿರುವ ನಾಮ್‌ಡ್ರೋಲಿಂಗ್ ಮಠವನ್ನು ಪೆನೋರ್ ರಿಂಪೋಚೆ 1963ರಲ್ಲಿ ಶುರುಮಾಡಿದ್ದು ಬಿದಿರಿನ ಗುಡಿಯಲ್ಲಿ. ಈಗ ಒಳಗೆ 60 ಅಡಿಯ ಬುದ್ಧ, ಚಿನ್ನದ ಮುಲಾಮು. ಎಲ್ಲರೂ ಕತ್ತೆತ್ತಿ ಫೋಟೊ ತೆಗೆಯುತ್ತಿದ್ದರು. ನನ್ನ ಕಣ್ಣು ಬಿದ್ದದ್ದು ಕಂಬದ ಪಕ್ಕ ಕೂತಿದ್ದ ಮರಿಸನ್ಯಾಸಿಯ ಮೇಲೆ. ಎಂಟು ವರ್ಷವಿರಬೇಕು. ಕೆಂಪು ಶಾಲಿನ ತುದಿಯಿಂದ ದಾರ ಎಳೆದು ಬೆರಳಿಗೆ ಸುತ್ತುತ್ತಿದ್ದ, ತುಟಿ ಮಂತ್ರದ ಜೊತೆ ಸರಿಯಾಗಿಯೇ ಆಡುತ್ತಿತ್ತು. ನಾನು ನೋಡಿದ್ದು ಗೊತ್ತಾಗಿ ಕೈಯನ್ನು ಶಾಲಿನೊಳಗೆ ಎಳೆದುಕೊಂಡ.

ಇಲ್ಲಿನವರು ಓಟು ಹಾಕುವುದು ಧರ್ಮಶಾಲೆಯಲ್ಲಿರುವ ಟಿಬೆಟ್ಟಿನ ದೇಶಭ್ರಷ್ಟ ಸರ್ಕಾರಕ್ಕೆ. ನೆಲವಿಲ್ಲದ ಆ ಸರ್ಕಾರಕ್ಕೆ 2021ರಲ್ಲಿ ಮುಖ್ಯಸ್ಥರಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ಇದೇ ಬೈಲಕುಪ್ಪೆಯಲ್ಲಿ, ಶಾಲೆ ಕಲಿತದ್ದೂ ಇಲ್ಲೇ. ಇದನ್ನು ಹೇಳಿದಾಗ ಅಳಿಯನಿಗಿಂತ ನನಗೇ ಹೆಮ್ಮೆಯಾಯಿತು; ನಮ್ಮ ಜಿಲ್ಲೆಯವರಲ್ಲವೆ!

ಮಧ್ಯಾಹ್ನ ಥುಕ್ಪಾ ಕುಡಿಯಲು ಕೂತೆವು. ಬಟ್ಟಲು ಇಟ್ಟ ಹೆಂಗಸಿಗೆ ಐವತ್ತರ ಹತ್ತಿರ ವಯಸ್ಸು.

‘ನಿಮ್ಮೂರು ಯಾವುದಮ್ಮಾ?’ ಎಂದು ಕೇಳಿದೆ. ಲಾಸಾ ಎಂತಲೋ ಖಾಮ್ ಎಂತಲೋ ಹೇಳುತ್ತಾರೆಂದು ಅಳಿಯನಿಗೆ ಅನುವಾದಿಸಲು ಸಿದ್ಧನಾಗಿದ್ದೆ.

‘ಇದೇ, ಪಿರಿಯಾಪಟ್ಟಣ ತಾಲ್ಲೂಕು. ನಿಮ್ದು?’

‘ಮೈಸೂರು.’

‘ಅಯ್ಯೋ, ನಮ್ ಚಿಕ್ಕಮ್ಮ ಅಲ್ಲೇ ಸ್ವೆಟರ್ ಅಂಗಡಿ ಹಾಕ್ತಿದ್ರು ಸಾರ್. ನಾನೂ ಎರಡು ವರ್ಷ ಕೂತಿದ್ದೆ. ಬೆವರ್ತಾ ಬಂದು ಸ್ವೆಟರ್ ಕೇಳೋರು ಜನ!’