ಎಂಟು ಎಂಟುಗಳ ಪರೀಕ್ಷೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ಕೆಲಸ ಕಲಿತ ರೇಡಿಯೊ ರಿಪೇರಿ ಅಂಗಡಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಕ್ಯಾಲ್ಕುಲೇಟರುಗಳು ಬರತೊಡಗಿದವು. ಚಿಕ್ಕಪೇಟೆಯ ಜವಳಿ ವ್ಯಾಪಾರಿಗಳು, ಅವೆನ್ಯೂ ರಸ್ತೆಯಲ್ಲಿ ಲೆಕ್ಕ ಬರೆಯುವವರು, ಇಂಜಿನಿಯರಿಂಗ್ ಓದುವ ಹುಡುಗರು ತರುತ್ತಿದ್ದರು. ಬಹುಪಾಲು ಜನರ ದೂರು ಒಂದೇ: “ಸೆಲ್ಲು ಹಾಕಿ ವಾರ ಆಗಿಲ್ಲ ಕಣ್ರೀ, ಆಗಲೇ ಮಂಕಾಗಿದೆ.”

ಆಗಿನ ಯಂತ್ರಗಳಲ್ಲಿ ಅಂಕಿಗಳು ಕೆಂಪಗೆ ಉರಿಯುತ್ತಿದ್ದವು. ಒಂದೊಂದು ಅಂಕಿಗೂ ಏಳು ಗೆರೆ, ಉರಿಯುವ ಪ್ರತಿ ಗೆರೆಗೂ ಕರೆಂಟು ಬೇಕು. ಒಂದು ಎಂಬ ಅಂಕಿಗೆ ಎರಡು ಗೆರೆ ಸಾಕು, ಎಂಟಕ್ಕೆ ಏಳೂ ಬೇಕು. ಹಾಗಾಗಿ ಯಜಮಾನರು ಯಾವ ಯಂತ್ರ ಬಂದರೂ ಮೊದಲು ಹೇಳುತ್ತಿದ್ದುದು, “ಎಂಟು ಎಂಟು ಬರ್ಸು, ಆಮೇಲೆ ಮೀಟರ್ ಹಿಡಿ.” 11111111ನ್ನು 8ರಿಂದ ಗುಣಿಸಿದರೆ ಪರದೆಯ ತುಂಬ ಎಂಟೇ ಎಂಟು. ಕೈಯಲ್ಲಿ ಹಿಡಿದು ಅಳೆದಾಗ 1.4 ವೋಲ್ಟು ತೋರಿಸುವ ಪೆನ್ಸಿಲ್ ಸೆಲ್ಲು ಈ ಭಾರ ಬಿದ್ದಕೂಡಲೇ ಕುಸಿಯುತ್ತಿತ್ತು. ಭಾರವಿಲ್ಲದೆ ಅಳೆದ ವೋಲ್ಟೇಜನ್ನು ನಂಬಬೇಡ ಎಂಬುದು ನಾನು ಅಲ್ಲಿ ಕಲಿತ ಮೊದಲ ಪಾಠ.

ಸತು-ಇಂಗಾಲದ ಸಾಧಾರಣ ಸೆಲ್ಲಿಗೆ ಇನ್ನೊಂದು ಗುಣವಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಚೇತರಿಸಿಕೊಳ್ಳುತ್ತಿತ್ತು. ಜನ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದುದು ಬರೀ ನಂಬಿಕೆಯಲ್ಲ, ನಾಲ್ಕು ಲೆಕ್ಕಕ್ಕಾಗುವಷ್ಟು ಜೀವ ನಿಜವಾಗಿಯೂ ಮರಳುತ್ತಿತ್ತು. ಆದರೆ ಹೀಗೆ ಹಿಂಡಿ ಹಿಂಡಿ ಬಳಸಿದ ಸೆಲ್ಲು ಒಳಗೇ ನೀರು ಬಿಡುತ್ತಿತ್ತು. ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದರೆ ಹೊಸ ಸೆಲ್ಲೂ ಹಳೆಯದರಂತೆಯೇ ನಡೆದುಕೊಳ್ಳುತ್ತದೆ. ನಮ್ಮ ಅರ್ಧ ಸಂಪಾದನೆ ಆ ಕಿಲುಬನ್ನು ಉಪ್ಪುಕಾಗದದಲ್ಲಿ ಉಜ್ಜಿದ್ದರಿಂದಲೇ ಬಂದದ್ದು.

ಮಂಕಾದರೆ ತೊಂದರೆಯಿಲ್ಲ, ಕಣ್ಣಿಗೆ ಕಾಣುತ್ತದೆ. ಭಯಪಡಬೇಕಾದದ್ದು ಬೇರೆ. ವೋಲ್ಟೇಜು ಒಂದು ಹಂತ ದಾಟಿ ಇಳಿದ ಮೇಲೆ ಕೆಲವು ಯಂತ್ರಗಳು ಅಂಕಿಗಳನ್ನು ತೋರಿಸುತ್ತಲೇ ತಪ್ಪು ಉತ್ತರ ಕೊಡುತ್ತಿದ್ದವು. ಜವಳಿ ಅಂಗಡಿಯ ಹಿರಿಯರೊಬ್ಬರು ಒಟ್ಟು ಮೊತ್ತ ಹೊಂದದೆ ಸಂಜೆಯೆಲ್ಲ ಗುಮಾಸ್ತನನ್ನು ಬೈದು, ಮರುದಿನ ಯಂತ್ರ ತಂದರು. ಯಜಮಾನರು ಅದನ್ನು ಬೆಂಚಿನ ಪವರ್ ಸಪ್ಲೈಗೆ ಸಿಕ್ಕಿಸಿ ವೋಲ್ಟೇಜನ್ನು ನಿಧಾನವಾಗಿ ಇಳಿಸುತ್ತ, ಅದೇ ಕೂಡುವ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಿದರು. ಒಂದು ಕಡೆ ಉತ್ತರ ತಪ್ಪಿತು, ಅಂಕಿಗಳು ಮಾತ್ರ ಇನ್ನೂ ಓದುವಂತಿದ್ದವು. ಆ ಹಿರಿಯರು ಏನೂ ಮಾತಾಡದೆ ಹೋಗಿ ಗುಮಾಸ್ತನನ್ನು ಕರೆತಂದು ತೋರಿಸಿದರು. ಲೆಕ್ಕದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ದೋಷವಿಲ್ಲ ಎಂದೇ ನಾನು ಇಂದಿಗೂ ತಿಳಿದಿದ್ದೇನೆ. ಶಕ್ತಿ ಕುಂದಿದಾಗ ನಿಲ್ಲಬೇಕು, ಇಲ್ಲವೇ ಹೇಳಬೇಕು.

ಹೇಳುವ ಯಂತ್ರಗಳೂ ಇದ್ದವು. 1972ರಲ್ಲಿ 395 ಡಾಲರಿಗೆ ಬಂದ ಎಚ್‌ಪಿ-35 ಅಮೆರಿಕಕ್ಕೆ ಹೋಗಿಬಂದವರ ಕೈಯಲ್ಲಿ ಅಪರೂಪಕ್ಕೆ ಕಾಣುತ್ತಿತ್ತು. ಒಳಗೆ ಮೂರು ನಿಕಲ್-ಕ್ಯಾಡ್ಮಿಯಂ ಸೆಲ್ಲು, ಚಾರ್ಜು ಮೂರರಿಂದ ಐದು ಗಂಟೆ ಬರುತ್ತಿತ್ತು. ಈ ಜಾತಿಯ ಸೆಲ್ಲು ಸಾಧಾರಣ ಸೆಲ್ಲಿನಂತೆ ಹಂತಹಂತವಾಗಿ ಸೊರಗುವುದಿಲ್ಲ. ಕೊನೆಯವರೆಗೂ 1.2 ವೋಲ್ಟಿನ ಆಸುಪಾಸಿನಲ್ಲಿದ್ದು ಥಟ್ಟನೆ ಬೀಳುತ್ತದೆ. ಅದಕ್ಕೇ ಚಾರ್ಜು ಮುಗಿಯುತ್ತ ಬಂದಾಗ ಪರದೆಯುದ್ದಕ್ಕೂ ದಶಮಾಂಶ ಚುಕ್ಕಿಗಳು ಹೊತ್ತಿಕೊಳ್ಳುವಂತೆ ಮಾಡಿದ್ದರು. ಆಮೇಲೆ ಉಳಿಯುವುದು ಕೆಲವೇ ನಿಮಿಷ. ಅಂಥ ಸೂಚನೆ ಇಡಬೇಕೆಂದು ಯೋಚಿಸಿದ ಇಂಜಿನಿಯರುಗಳ ಮೇಲೆ ನನಗೆ ದೊಡ್ಡ ಗೌರವ.

ನಂತರ ದ್ರವಸ್ಫಟಿಕ ಪರದೆ ಬಂತು. ಜಪಾನಿನ ಶಾರ್ಪ್ 1973ರಲ್ಲೇ ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ ನೂರು ಗಂಟೆ ನಡೆಯುವ ಇಎಲ್-805 ತಂದಿತ್ತು. ನಮ್ಮ ಬೆಂಚಿಗೆ ಅಂಥವು ಬಂದದ್ದು ಎಂಬತ್ತರ ದಶಕದಲ್ಲಿ. ಈ ಪರದೆ ತಾನಾಗಿ ಬೆಳಗುವುದಿಲ್ಲ, ಹೊರಗಿನ ಬೆಳಕನ್ನೇ ಬಳಸಿಕೊಳ್ಳುತ್ತದೆ. ಅರ್ಧ ವಾಟು ಬೇಡುತ್ತಿದ್ದ ಕೆಲಸ ಮೈಕ್ರೊವಾಟಿಗೆ ಇಳಿಯಿತು. 1980ರಲ್ಲಿ ಸಾನ್ಯೊ ಕಂಪನಿ ತೆಳು ಪದರದ ಸಿಲಿಕಾನ್ ಸೌರಪಟ್ಟಿ ಮಾಡತೊಡಗಿದ ಮೇಲೆ, ಟ್ಯೂಬ್‌ಲೈಟಿನ ಬೆಳಕೇ ಸಾಕಾಯಿತು. ಪಟ್ಟಿಗೆ ಬೆರಳು ಅಡ್ಡ ಹಿಡಿದರೆ ಅಂಕಿ ಮಾಸುತ್ತದೆ, ತೆಗೆದರೆ ಮೂಡುತ್ತದೆ. ಕರೆಂಟು ಹೋಗುವ ನಮ್ಮ ಪೇಟೆಗೆ ಹೇಳಿ ಮಾಡಿಸಿದ್ದು ಸೌರಪಟ್ಟಿಯ ಜೊತೆಗೆ ಬಟನ್ ಸೆಲ್ಲೂ ಇರುವ ಮಾದರಿ. ಅದು ಬಂದ ಮೇಲೆ ‘ಸೆಲ್ಲು ವೀಕು’ ಎಂದು ಬರುವವರೇ ನಿಂತುಹೋದರು. ಅಂಗಡಿ ಟಿ.ವಿ. ರಿಮೋಟಿನ ಕಡೆ ತಿರುಗಿತು, ಮುಂದೆ ಮೊಬೈಲ್ ಚಾರ್ಜರ್ ಕಡೆಗೆ.

ಬಟನ್ ಸೆಲ್ಲಿನವರು ಮಾತ್ರ ಉಳಿದುಕೊಂಡರು. 1981ರ ಎಚ್‌ಪಿ-12ಸಿಯನ್ನು ಬ್ಯಾಂಕಿನವರು ಕೈಬಿಡಲಿಲ್ಲ. ಸೆಲ್ಲು ಸೋತಾಗ ಅದರ ಪರದೆಯ ಮೂಲೆಯಲ್ಲಿ ನಕ್ಷತ್ರ ಮಿಣುಕುತ್ತದೆ. ಅದರಲ್ಲಿ ಬೆಳ್ಳಿಯ ಸೆಲ್ಲು ಹಾಕಿದರೆ 1.55 ವೋಲ್ಟಿನಲ್ಲಿ ಕೊನೆಯವರೆಗೆ ನಿಂತು ಒಮ್ಮೆಲೇ ಬೀಳುತ್ತದೆ. ಅಗ್ಗದ ಆಲ್ಕಲೈನ್ ಹಾಕಿದರೆ ನಿಧಾನವಾಗಿ ಇಳಿಯುವುದರಿಂದ ನಕ್ಷತ್ರ ಕಂಡ ಮೇಲೂ ಸಮಯ ಸಿಗುತ್ತದೆ.

ಈಗ ಬರುವವರು ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಯಂತ್ರ ಹಿಡಿದು ಬರುವ ಸಾಫ್ಟ್‌ವೇರ್ ಹುಡುಗ ಹುಡುಗಿಯರು. 1975ರ ಎಚ್‌ಪಿ-25 ಕಂಡರೆ ಮೊದಲು ಕೇಳುತ್ತೇನೆ: “ಚಾರ್ಜರ್ ಹಾಕಿ ನೋಡಿದ್ಯೇನಪ್ಪಾ?” ಆ ಯಂತ್ರದಲ್ಲಿ ಬ್ಯಾಟರಿ ಬರೀ ಶಕ್ತಿ ಕೊಡುವುದಿಲ್ಲ, ಚಾರ್ಜರಿನಿಂದ ಬರುವ ವೋಲ್ಟೇಜು ಏರದಂತೆ ತಡೆದು ಹಿಡಿಯುವುದೂ ಅದೇ. ಸತ್ತ ಬ್ಯಾಟರಿ ಇಟ್ಟು ಚಾರ್ಜರ್ ಹಾಕಿದರೆ ಒಳಗಿನ ಚಿಪ್ಪು ಸುಟ್ಟುಹೋಗಬಹುದು, ಮತ್ತೆ ಅಂಥದ್ದು ಸಿಗುವುದಿಲ್ಲ. ಹಾಕಿಲ್ಲ ಎಂದರೆ ಕಿಲುಬು ತೆಗೆದು, ಹೊಸ ಚಾರ್ಜಬಲ್ ಸೆಲ್ಲು ಬೆಸೆದು, ಎಂಟು ಎಂಟು ಬರಿಸಿ ಮೀಟರ್ ಹಿಡಿಯುತ್ತೇನೆ.